ಮುಂದೆ ಕೂತ ತಂಬೂರಿ



ಯಾವುದಾದರೂ ಸಂಗೀತ ಸಭೆಯ ಆಹ್ವಾನ ಪತ್ರಿಕೆಯನ್ನು ತೆಗೆದು ನೋಡಿ. ಮೇಲೆ ದಪ್ಪಕ್ಷರದಲ್ಲಿ ಹಾಡುವವರ ಹೆಸರು. ಅದರ ಕೆಳಗೆ ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು ಎಂಬ ವಿವರ. ತಂಬೂರಿ ಯಾರದು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಕಚೇರಿಯಲ್ಲಿ ಪಿಟೀಲಿಗೂ ಒಂದಿಷ್ಟು ಬಿಡುವುಂಟು. ಆಲಾಪನೆ ನಡೆಯುವಾಗ ಮೃದಂಗದವರು ಕೈ ಒರೆಸಿಕೊಳ್ಳುತ್ತಾರೆ. ಹಾಡುವವರು ನಡುನಡುವೆ ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಾರೆ. ಶುರುವಿನಿಂದ ಮಂಗಳದವರೆಗೆ ಬಿಡುವಿಲ್ಲದೆ ದುಡಿಯುವುದು ಹಿಂದೆ ಕೂತ ಶಿಷ್ಯೆಯ ಎರಡು ಬೆರಳು. ಆ ಬೆರಳಿನ ಒಡತಿಗೆ ಹೆಸರಿಲ್ಲ, ಕೊನೆಗೆ ಹಾರ ಹಾಕುವಾಗ ಅವಳ ಪಾಲಿಗೆ ಹಾರ ಉಳಿದಿದ್ದರೆ ಅದು ಪುಣ್ಯ. ಆಕಾಶವಾಣಿಯನ್ನು ಮಾತ್ರ ಇಲ್ಲಿ ಮೆಚ್ಚಬೇಕು. ತಂಬೂರಿ ನುಡಿಸುವವರನ್ನು ಕಲಾವಿದರೆಂದೇ ಕರೆದು, ಹುದ್ದೆ ಕೊಟ್ಟು, ಸಂಬಳ ಕೊಟ್ಟ ಸಂಸ್ಥೆ ಇದು.

ಇವತ್ತು ನಾನು ಹೇಳಹೊರಟಿರುವುದು ತಂಬೂರಿ ಮುಂದೆ ಕೂರುವ ಒಂದು ಸೀಮೆಯ ಮಾತು. ನಮ್ಮ ತಾಳವಾಡಿ ಬೆಟ್ಟದ ಸೀಮೆ.

ಭೂಪಟದಲ್ಲಿ ಇದು ತಮಿಳುನಾಡಿನ ಈರೋಡು ಜಿಲ್ಲೆ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕೆಂದರೆ ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ಸತ್ಯಮಂಗಲದ ಮೇಲೆ ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಚಾಮರಾಜನಗರವೋ, ಬಸ್ಸಿನಲ್ಲಿ ಒಂದು ನಿದ್ದೆ ಮುಗಿಯುವಷ್ಟರಲ್ಲಿ ಬಂದುಬಿಡುತ್ತದೆ. 1956ರ ನವೆಂಬರಿನಲ್ಲಿ ರಾಜ್ಯಗಳ ಗಡಿ ಬದಲಾದಾಗ, ಅಲ್ಲಿಯವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂತು. ಅದೇ ಜಿಲ್ಲೆಯ ತಾಳವಾಡಿ ಬರಲಿಲ್ಲ. 1979ರಲ್ಲಿ ಕೊಯಮತ್ತೂರನ್ನು ಒಡೆದು ಈರೋಡನ್ನು ಕೇಂದ್ರ ಮಾಡಿದಾಗ ನಮ್ಮ ವಿಳಾಸ ಇನ್ನೊಮ್ಮೆ ಬದಲಾಯಿತು. ಹೊರಗಿನವರಿಗೆ ತಾಳವಾಡಿ ಅಂದರೆ ನಟ ರಾಜ್‌ಕುಮಾರ್ ಹುಟ್ಟಿದ ದೊಡ್ಡಗಾಜನೂರು, 2000ನೇ ಇಸವಿಯಲ್ಲಿ ವೀರಪ್ಪನ್ ಅವರನ್ನು ಅಪಹರಿಸಿ ಇಟ್ಟುಕೊಂಡಿದ್ದ ಆ 108 ದಿನಗಳು, ದೀಪಾವಳಿ ಮುಗಿದ ಮೇಲೆ ಗುಮಟಾಪುರದಲ್ಲಿ ಸಗಣಿ ಎರಚಾಡುವ ಗೊರೆಹಬ್ಬ. ಟಿ.ವಿ.ಯವರು ಬರುವುದೂ ಈ ಮೂರಕ್ಕೇ. ಇಲ್ಲಿ ರಾತ್ರಿಯಿಡೀ ಸಂತ ಮಂಟೇಸ್ವಾಮಿಯ ಕಥೆ ಹಾಡುತ್ತಾರೆ ಎಂಬುದು ಅವರ ಪಟ್ಟಿಯಲ್ಲಿಲ್ಲ.

ಆ ಹಾಡಿಗೆ ಬರುವ ಮೊದಲು ತಂಬೂರಿಯ ಬಗ್ಗೆಯೇ ಸ್ವಲ್ಪ ಹೇಳಬೇಕು. ಮೈಸೂರಿನ ಸುತ್ತಮುತ್ತ ತಂತಿವಾದ್ಯ ಎಂದ ಕೂಡಲೇ ವೀಣೆ ನೆನಪಾಗುತ್ತದೆ. ವೀಣೆ ಶೇಷಣ್ಣನವರು ಬಾಳಿದ ಊರು, ಹಾಗಾಗಬೇಕಾದದ್ದೇ. ವೀಣೆಗೆ 24 ಮೆಟ್ಟಿಲುಗಳಿವೆ, ಅದು ರಾಗ ನುಡಿಸುತ್ತದೆ, ತಾನೇ ಕಚೇರಿ ಮಾಡುತ್ತದೆ. ತಂಬೂರಿಗೆ ಮೆಟ್ಟಿಲೇ ಇಲ್ಲ. ಉದ್ದ ದಂಡಿ, ಹಲಸಿನ ಮರದಲ್ಲಿ ಕೊರೆದ ಬುರುಡೆ, ನಾಲ್ಕು ಬಿರಡೆ, ನಾಲ್ಕು ತಂತಿ. ಮೊದಲನೆಯದು ಪಂಚಮ, ನಡುವಿನ ಎರಡು ಷಡ್ಜ, ಕೊನೆಯದು ಮಂದ್ರ ಷಡ್ಜ. ಪಂಚಮಕ್ಕೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ಇಷ್ಟೇ ಕೆಲಸ. ಆದರೂ ಹಳೆಯ ಮೇಷ್ಟರುಗಳು ಹೊಸ ವಿದ್ಯಾರ್ಥಿಯನ್ನು ತಿಂಗಳುಗಟ್ಟಲೆ ತಂಬೂರಿಯ ಪಕ್ಕದಲ್ಲಿ ಕೂರಿಸುತ್ತಿದ್ದರು.

ತಂತಿಗಳನ್ನು ಹೊರುವ ಕುದುರೆಯ ಮೇಲೆ ಪ್ರತಿ ತಂತಿಯ ಅಡಿಯಲ್ಲೂ ಒಂದೊಂದು ಎಳೆ ದಾರವನ್ನು ಸಿಕ್ಕಿಸಿರುತ್ತಾರೆ. ಅದಕ್ಕೆ ಜೀವ ಎನ್ನುತ್ತಾರೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ತಂತಿ ಇದ್ದಕ್ಕಿದ್ದಂತೆ ಝೇಂಕರಿಸತೊಡಗುತ್ತದೆ. ಮೀಟಿದ್ದು ಷಡ್ಜ ಒಂದನ್ನೇ, ಆದರೆ ಅದರ ಮೇಲೆ ಇನ್ನೂ ಏನೇನೋ ಸ್ವರಗಳು ಎದ್ದು ಬರುತ್ತವೆ. ಒಳ್ಳೆಯ ಕಿವಿಯವರಿಗೆ ಮಂದ್ರದ ತಂತಿಯಲ್ಲಿ ಗಾಂಧಾರ ಕೇಳಿಸುತ್ತದೆ, ಯಾವ ತಂತಿಯನ್ನೂ ಗಾಂಧಾರಕ್ಕೆ ಕಟ್ಟಿಲ್ಲದಿದ್ದರೂ. ಈ ಸೋಜಿಗವನ್ನು ಹಿಡಿದವರು ಸಿ.ವಿ. ರಾಮನ್. ನೊಬೆಲ್ ಬರುವುದಕ್ಕೆ ಬಹಳ ಮೊದಲೇ, 1921ರಲ್ಲಿ, ಕಲ್ಕತ್ತೆಯಲ್ಲಿದ್ದಾಗ, ಅವರು ವೀಣೆ ಮತ್ತು ತಂಬೂರಿಯ ಮೇಲೆ ಒಂದು ಲೇಖನ ಪ್ರಕಟಿಸಿದರು. ತಂತಿಯನ್ನು ಸರಿಯಾಗಿ ನಟ್ಟನಡುವೆ ಮೀಟಿದರೆ, ಆ ಜಾಗದಲ್ಲಿ ಅಲುಗದೆ ನಿಲ್ಲುವ ಉಪಸ್ವರಗಳು ಹುಟ್ಟಬಾರದು. ಇದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೇಳಿದ ನಿಯಮ, ಯುರೋಪಿನ ವಾದ್ಯಗಳು ಅದನ್ನು ಪಾಲಿಸುತ್ತವೆ. ನಮ್ಮ ತಂಬೂರಿ ಪಾಲಿಸುವುದಿಲ್ಲ, ಹುಟ್ಟಬಾರದ ಸ್ವರಗಳನ್ನೂ ಹುಟ್ಟಿಸುತ್ತದೆ ಎಂದು ರಾಮನ್ ತೋರಿಸಿದರು. ಕಾರಣ ಕುದುರೆಯ ಬೆನ್ನು. ಅದು ಚೂಪಾಗಿಲ್ಲ, ಅಗಲವಾಗಿ, ಸ್ವಲ್ಪ ಉಬ್ಬಾಗಿ ಇದೆ. ತಂತಿ ಅದರ ಮೇಲೆ ತಾಗುತ್ತಾ ಬಿಡುತ್ತಾ ಕಂಪಿಸುತ್ತದೆ. ದಾರ ಆ ತಾಗುವಿಕೆಯನ್ನು ಹದಕ್ಕೆ ತರುತ್ತದೆ. ಈ ಉಬ್ಬನ್ನು ಉಜ್ಜಿ ಉಜ್ಜಿ ಹದ ಮಾಡಿದ ಬಡಗಿ ಹೆಲ್ಮ್‌ಹೋಲ್ಟ್ಸನ ಹೆಸರು ಕೇಳಿದವನಲ್ಲ.

ಈಗ ಬೆಟ್ಟಕ್ಕೆ ಬರೋಣ.

ಮಂಟೇಸ್ವಾಮಿಯ ಪರಂಪರೆ ಹಳೆ ಮೈಸೂರಿನ ದಕ್ಷಿಣ ಭಾಗದ್ದು. ಮಳವಳ್ಳಿ ಸೀಮೆಯ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆ, ಕಪ್ಪಡಿಯಲ್ಲಿ ಅವರ ಶಿಷ್ಯ ರಾಚಪ್ಪಾಜಿಯದು, ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯದು. ಇದರ ಒಕ್ಕಲು ಗಡಿ ನೋಡಿ ಹಬ್ಬಿದ್ದಲ್ಲ, ಈರೋಡು, ನೀಲಗಿರಿ ಜಿಲ್ಲೆಗಳ ಕನ್ನಡದ ಹಳ್ಳಿಗಳಲ್ಲೂ ಇದೆ. ಕಥೆಯನ್ನು ಹಾಡುವವರು ನೀಲಗಾರರು. ಹೆಚ್ಚಿನವರು ದಲಿತರು, ಬೇರೆ ಜಾತಿಯವರೂ ಇದ್ದಾರೆ. ಹರಕೆ ಹೊತ್ತು, ಗುರುಮಠದಲ್ಲಿ ದೀಕ್ಷೆ ಪಡೆದು ನೀಲಗಾರರಾಗುತ್ತಾರೆ. ಮುಖ್ಯ ಗಾಯಕನ ಕೈಯಲ್ಲಿ ತಂಬೂರಿ, ಜೊತೆಗೆ ಗಗ್ಗರ. ಹಿಮ್ಮೇಳದವರಿಗೆ ಡಿಕ್ಕಿ, ತಾಳ. ಮಲೆ ಮಹದೇಶ್ವರನ ಕಥೆ ಹಾಡುವ ದೇವರಗುಡ್ಡರ ಕಂಸಾಳೆ ನೋಡಲು ಸೊಗಸು, ಅದು ವೇದಿಕೆಗೆ ಬಂತು, ಸಿನಿಮಾಕ್ಕೆ ಬಂತು, ಮೆರವಣಿಗೆಗೂ ಬಂತು. ನೀಲಗಾರರದು ಕೂತು ಹಾಡುವ ಹಾಡು, ಅದನ್ನು ಮೆರವಣಿಗೆಯಲ್ಲಿ ಸಾಗಿಸುವುದಕ್ಕೆ ಆಗುವುದಿಲ್ಲ.

ತಾಳವಾಡಿಯ ಪಕ್ಕದ ಹಳ್ಳಿಯೊಂದರಲ್ಲಿ ಒಮ್ಮೆ ಹರಕೆಗೆ ಈ ಕಥೆ ಮಾಡಿಸಿದ್ದರು. ಈ ಸೀಮೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವನೆಂದು ನನ್ನನ್ನೂ ಕರೆದಿದ್ದರು. ಊಟ ಮುಗಿದು, ಎಲೆ ಅಡಕೆ ಹಂಚಿ, ಅಂಗಳದಲ್ಲಿ ಚಾಪೆ ಹಾಸುವಷ್ಟರಲ್ಲಿ ರಾತ್ರಿ ಹತ್ತು. ಹಾಡುವ ಅಯ್ಯನವರು ಗವುಸು ಬಿಚ್ಚಿ ತಂಬೂರಿಯನ್ನು ಹೊರಗೆ ತೆಗೆದರು. ಸಭೆಗಳಲ್ಲಿ ನೋಡುವ ತಂಬೂರಿಗಿಂತ ಗಿಡ್ಡ. ದಂತದ ಕುಸುರಿ ಇಲ್ಲ. ಬುರುಡೆಯ ಮೇಲೆ ಕೈ ಸವೆದ ಕಡೆ ಮರ ಎಣ್ಣೆಗಪ್ಪಾಗಿತ್ತು. ಮುಂದೆ ದೀಪ, ತೆಂಗಿನಕಾಯಿ. ವಾದ್ಯಕ್ಕೆ ಧೂಳ್ತ ಎಂಬ ಪವಿತ್ರ ಬೂದಿ ಹಚ್ಚಿ, ಅದಕ್ಕೆ ಅಡ್ಡಬಿದ್ದು, ಆಮೇಲೆ ತೊಡೆಯ ಮೇಲೆ ತೆಗೆದುಕೊಂಡರು. ಒಂದೊಂದೇ ತಂತಿ ಮೀಟಿ, ದಂಡಿಗೆ ಕಿವಿ ಹಚ್ಚಿದರು.

“ಚಳಿಗ ಬಿಗ್ಕಂಡದ ಕನಾ ಮೇಷ್ಟ್ರೆ” ಅಂದರು. ಬಿರಡೆಯನ್ನು ಚೂರು ಹಿಂದಕ್ಕೆ ತಿರುಗಿಸಿದರು.

ಬೆಟ್ಟದ ಮೇಲಿನ ಮಾಗಿಯ ಚಳಿಯಲ್ಲಿ ಉಕ್ಕಿನ ತಂತಿ ಮರಕ್ಕಿಂತ ಬೇಗ ಕುಗ್ಗುತ್ತದೆ, ಶ್ರುತಿ ಮೇಲೇರುತ್ತದೆ. ಸಂಜೆ ಮನೆಯೊಳಗೆ ಸರಿ ಮಾಡಿಟ್ಟ ಶ್ರುತಿ ಅಂಗಳದಲ್ಲಿ ನಿಲ್ಲುವುದಿಲ್ಲ. ಅಯ್ಯನವರಿಗೆ ಶ್ರುತಿಪೆಟ್ಟಿಗೆ ಬೇಕಿರಲಿಲ್ಲ. ತಮ್ಮ ಗಂಟಲಲ್ಲಿ ಒಂದು ಸ್ವರ ಹಿಡಿದು, ತಂತಿಯನ್ನು ಅದಕ್ಕೆ ಇಳಿಸಿದರು. ಹೊತ್ತು ಕಳೆದಂತೆ, ಗಂಟಲು ಕಾಯ್ದ ಮೇಲೆ, ಒಂದು ಪದ ಮುಗಿದು ಇನ್ನೊಂದು ಶುರುವಾಗುವ ಮುಂಚೆ, ಮತ್ತೆ ಬಿರಡೆಗೆ ಕೈ ಹೋಯಿತು.

ಸಂಗೀತ ಕಲಿಸುವವರು ತಂಬೂರಿ ನುಡಿಸುವ ಮಕ್ಕಳಿಗೆ ಮೊದಲು ಹೇಳುವ ಎಚ್ಚರಿಕೆ ಒಂದಿದೆ. ತಾಳಕ್ಕೆ ಸರಿಯಾಗಿ ಮೀಟಬೇಡ. ಹಾಡಿನ ಲಯ ಒಂದು ದಾರಿ, ತಂಬೂರಿಯ ನಡೆ ಇನ್ನೊಂದು ದಾರಿ. ಎರಡೂ ಕೂಡಿದರೆ ತಂಬೂರಿ ತಾಳವಾದ್ಯವಾಗಿಬಿಡುತ್ತದೆ, ನಾದದ ಹಾಸು ಹರಿದುಹೋಗುತ್ತದೆ. ನೀಲಗಾರರ ತಂಬೂರಿ ಈ ಕಟ್ಟಳೆಯನ್ನು ಮೊದಲ ಹೆಜ್ಜೆಯಲ್ಲೇ ಮುರಿಯುತ್ತದೆ. ಅಯ್ಯನವರ ಬೆರಳು ನಡೆಯುವುದೇ ತಾಳಕ್ಕೆ. ಡಿಕ್ಕಿ ಅದನ್ನು ಹಿಂಬಾಲಿಸುತ್ತದೆ, ಗಗ್ಗರ ಅದರ ಜೊತೆ ಘಲ್ಲೆನ್ನುತ್ತದೆ. ಕಥೆ ಬಿರುಸಾದಾಗ ಮೀಟು ಬಿರುಸಾಗುತ್ತದೆ. ಹಿಮ್ಮೇಳದವರು ಸೊಲ್ಲು ಎತ್ತಿದಾಗ ಅಯ್ಯನವರು ಉಸಿರು ತೆಗೆದುಕೊಳ್ಳುತ್ತಾರೆ, ಕೈ ಮಾತ್ರ ನಿಲ್ಲುವುದಿಲ್ಲ. ನನ್ನ ಗಮನ ಹೋದದ್ದು ಇನ್ನೊಂದು ಕಡೆಗೆ. ನಡುನಡುವೆ ಅವರು ಹಾಡು ಬಿಟ್ಟು ಮಾತಿಗೆ ಇಳಿಯುತ್ತಾರೆ, ಕಥೆಯನ್ನು ಗದ್ಯದಲ್ಲಿ ಹೇಳುತ್ತಾರೆ, ಪಾತ್ರಗಳಂತೆ ಜಗಳ ಆಡುತ್ತಾರೆ, ನಗಿಸುತ್ತಾರೆ. ಆಗಲೂ ತಂತಿ ಸಣ್ಣಗೆ ನಡೆಯುತ್ತಲೇ ಇರುತ್ತದೆ. ಹಾಗಾಗಿ ಅವರ ಬರೀ ಮಾತಿಗೂ ಒಂದು ಶ್ರುತಿ ಇರುತ್ತದೆ. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಹತ್ತಿತು ಎಂದು ಗೆರೆ ಎಳೆಯುವುದಕ್ಕೆ ಆಗುವುದಿಲ್ಲ. ಸಂಗೀತ ಸಭೆಯಲ್ಲಿ ಎಷ್ಟೋ ದೊಡ್ಡ ವಿದ್ವಾಂಸರು ಕೀರ್ತನೆಗಳ ನಡುವೆ ಮೈಕು ಹಿಡಿದು ಮಾತಾಡುವುದನ್ನು ಕೇಳಿದ್ದೇನೆ. ತಂಬೂರಿ ಹಿಂದೆ ನುಡಿಯುತ್ತಲೇ ಇದ್ದರೂ ಅವರ ಮಾತು ಶ್ರುತಿಯ ಹೊರಗೇ ಇರುತ್ತದೆ.

ಆ ರಾತ್ರಿ ಹಾಡಿದ್ದು ಹಲಗೂರಿನ ಸಾಲು, ಅಂದರೆ ಕಥೆಯ ಹಲಗೂರಿನ ಭಾಗ. ಮಂಟೇಸ್ವಾಮಿ, ಅಂದರೆ ನೀಲಗಾರರ ಬಾಯಲ್ಲಿ ಧರೆಗೆ ದೊಡ್ಡವರು, ಕಮ್ಮಾರರ ಮನೆಯ ಕೆಂಪಾಚಾರಿ ಎಂಬ ಹುಡುಗನನ್ನು ಶಿಷ್ಯನಾಗಿ ಕೇಳುತ್ತಾರೆ. ಮನೆಯವರು ಕೊಡುವುದಿಲ್ಲ. ಪಾಡು ಪಟ್ಟು ಕೊನೆಗೆ ಕೈಗೆ ಬಂದ ಆ ಹುಡುಗನೇ ಸಿದ್ದಪ್ಪಾಜಿ. ಗುರು ಅವನನ್ನು ಹಲಗೂರಿನ ಪಾಂಚಾಳರ ಬಳಿಗೆ ಕಳಿಸುವುದು ಕಬ್ಬಿಣದ ಭಿಕ್ಷೆ ತಾ ಎಂದು. ಅನ್ನದ ಭಿಕ್ಷೆ, ಚಿನ್ನದ ಭಿಕ್ಷೆ ಎಲ್ಲ ಕಥೆಗಳಲ್ಲೂ ಬರುತ್ತದೆ. ಕಬ್ಬಿಣ ಬೇಡುವ ಜಂಗಮ ಇವನೊಬ್ಬನೇ ಇರಬೇಕು. ಪಾಂಚಾಳರು ಕೊಡುವವರಲ್ಲ. ಒಂದರ ಮೇಲೊಂದು ಪವಾಡ ಗೆದ್ದು ತೋರಿಸು ಎಂದು ಹಿಂಸೆ ಕೊಡುತ್ತಾರೆ. ಕುಲುಮೆ, ಬೆಂಕಿ, ವಿಷ. ಸಿದ್ದಪ್ಪಾಜಿ ಗೆದ್ದು ಕಬ್ಬಿಣ ತರುತ್ತಾನೆ. ಇದನ್ನು ಪಂಡಿತರು ಹಲವು ರೀತಿ ಬಿಡಿಸಿದ್ದಾರೆ. ಕಬ್ಬಿಣದ ಒಡೆತನ ಯಾರದು, ನೇಗಿಲು ಕುಡ ಯಾರ ಹಂಗಿನಲ್ಲಿ ಸಿಗಬೇಕು ಎಂಬ ಜಗಳ ಇದರೊಳಗೆ ಇದೆ ಎಂದು ನನಗೂ ಅನಿಸುತ್ತದೆ. ನಡುರಾತ್ರಿಯ ಮೇಲೆ, ಹಲಗೂರಿನ ಕುಲುಮೆಯ ಮುಂದೆ ಸಿದ್ದಪ್ಪಾಜಿ ನಿಂತ ಹೊತ್ತಿನಲ್ಲಿ, ನನ್ನ ಕಣ್ಣು ಹೋದದ್ದು ದೀಪಕ್ಕೆ ಹೊಳೆಯುತ್ತಿದ್ದ ತಂತಿಯ ಮೇಲೆ. ಅದೂ ಕಬ್ಬಿಣದ ಕುಲವೇ. ಕಬ್ಬಿಣಕ್ಕಾಗಿ ಪಟ್ಟ ಪಾಡನ್ನು ಕಬ್ಬಿಣದ ತಂತಿ ಮೀಟಿ ಹಾಡುತ್ತಿದ್ದಾರೆ. ಬೆಳಿಗ್ಗೆ ಅಯ್ಯನವರಿಗೆ ಇದನ್ನು ಹೇಳಿದೆ. “ಇನ್ನೇನ ದಾರ ಕಟ್ಟಿ ಹಾಡಾರಾ?” ಅಂದು ಕಾಫಿ ಲೋಟ ಎತ್ತಿದರು.

ಹಾಡು ಬೆಳಗಿನವರೆಗೆ ಯಾಕೆ ಹೋಗುತ್ತದೆ ಎಂದು ಕೇಳಿದರೆ ಭಕ್ತಿಯ ಕಾರಣ ಹೇಳುತ್ತಾರೆ. ಇನ್ನೊಂದು ಕಾರಣವೂ ಉಂಟು. ಸುತ್ತಲಿನ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ, ಆನೆಗಳಿಗೆ ಅದಕ್ಕೂ ಮುಂಚೆಯಿಂದಲೇ ಸ್ವಂತದ್ದು. ಕತ್ತಲಾದ ಮೇಲೆ ಪಕ್ಕದ ಊರಿಗೆ ಯಾರೂ ನಡೆದು ಹೋಗುವ ಹಾಗಿಲ್ಲ. ಬಂದ ನೆಂಟರು ಬೆಳಗಾಗುವವರೆಗೆ ಕೂರಲೇಬೇಕು. ಅರ್ಧಕ್ಕೆ ಎದ್ದು ಹೋಗದ ಶ್ರೋತೃಗಳು ಬೇಕೆಂದು ಯಾವ ಸಭೆಯ ಕಾರ್ಯದರ್ಶಿ ತಾನೇ ಹಂಬಲಿಸುವುದಿಲ್ಲ?

ಈ ತಂಬೂರಿಯನ್ನು ಶಾಸ್ತ್ರೀಯದ ಪಟ್ಟಿಗೆ ಸೇರಿಸಬೇಕೋ ಜಾನಪದದ ಪಟ್ಟಿಗೋ? ನನ್ನ ಮಟ್ಟಿಗೆ ಮರಕ್ಕೆ ಆ ಭೇದ ಗೊತ್ತಿಲ್ಲ. ಕಡೆದವರಿಗೂ ಇಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಸಿಂಪಾಡಿಪುರ ಎಂಬ ಹಳ್ಳಿಯಿದೆ. ಅಲ್ಲಿ ಹಲಸಿನ ಮರ ಕೊರೆದು ವೀಣೆ ಮಾಡುವ ಕುಟುಂಬಗಳು ದಲಿತರವು. ಪೆನ್ನ ಓಬಳಯ್ಯ ಎಂಬ ಹಿರಿಯರಿಂದ ಆ ಕಸುಬು ಊರಿನಲ್ಲಿ ಬೇರುಬಿಟ್ಟಿತು. ಸರಸ್ವತಿಯ ಪಟದ ಮುಂದೆ ಇಟ್ಟು ಪೂಜೆ ಮಾಡುವ ವೀಣೆಯನ್ನು ಯಾರ ಉಳಿ ಕೆತ್ತಿತು ಎಂದು ಕಚೇರಿಯಲ್ಲಿ ಯಾರೂ ಕೇಳುವುದಿಲ್ಲ. ಇತ್ತ ನೀಲಗಾರರ ಮನೆಯಲ್ಲಿ ಅದೇ ಕುಲದವರು ತಂಬೂರಿ ಹಿಡಿದು ಹಾಡಿದರೆ ಅದು ಜಾನಪದ ಎಂಬ ಬೇರೆ ಕೋಣೆಗೆ ಹೋಗುತ್ತದೆ, ವರ್ಷಕ್ಕೊಮ್ಮೆ ಉತ್ಸವದಲ್ಲಿ ಹದಿನೈದು ನಿಮಿಷ ಸಿಗುತ್ತದೆ. ರಾತ್ರಿಯಿಡೀ ಹಾಡುವ ಸಾಲನ್ನು ಹದಿನೈದು ನಿಮಿಷದಲ್ಲಿ ಹಾಡಿ ಎಂದರೆ ಅವರು ಪಾಪ ಸೊಲ್ಲು ಮಾತ್ರ ಹಾಡಿ ಎದ್ದು ಬರುತ್ತಾರೆ. ನಾವು ಚಪ್ಪಾಳೆ ತಟ್ಟಿ, ಮಂಟೇಸ್ವಾಮಿ ಕಾವ್ಯ ಕೇಳಿದೆವು ಎಂದುಕೊಳ್ಳುತ್ತೇವೆ.

ನಿಜ ಹೇಳಬೇಕೆಂದರೆ ಕನ್ನಡದಲ್ಲಿ ತಂಬೂರಿ ಮೊದಲು ಕಂಡದ್ದು ಹಾಡುವವನ ಕೈಯಲ್ಲೇ, ಅವನ ಬೆನ್ನ ಹಿಂದೆ ಅಲ್ಲ. ಪುರಂದರದಾಸರ ಯಾವ ಚಿತ್ರ ನೋಡಿದರೂ ತಂಬೂರಿ ಅವರ ಹೆಗಲ ಮೇಲೆ, ಚಿಟಿಕೆ ಇನ್ನೊಂದು ಕೈಯಲ್ಲಿ, ಗೆಜ್ಜೆ ಕಾಲಿನಲ್ಲಿ. ಬೀದಿಯಲ್ಲಿ ನಡೆಯುತ್ತಾ ಹಾಡುವವರಿಗೆ ಹಿಂದೆ ಕೂತು ಮೀಟಿಕೊಡುವ ಶಿಷ್ಯೆ ಎಲ್ಲಿಂದ ಬರಬೇಕು? ಶ್ರುತಿಯೂ ಲಯವೂ ತನ್ನ ಮೈಮೇಲೆಯೇ ಇರಬೇಕು. ಶಿಶುನಾಳ ಶರೀಫರು (1819–1889) ಮನುಷ್ಯನ ದೇಹವನ್ನೇ ತಂಬೂರಿ ಮಾಡಿ ಹಾಡಿದ ಪದವನ್ನು ಸಿ. ಅಶ್ವತ್ಥ್ ದನಿಯಲ್ಲಿ ನೀವೆಲ್ಲ ಕೇಳಿದ್ದೀರಿ. ಶರೀಫರ ಕಾಲದ ಉತ್ತರ ಕರ್ನಾಟಕದ ಭಜನೆಯ ಮನೆಗಳಲ್ಲಿ ತಂಬೂರಿ ಎಲ್ಲರಿಗೂ ಗೊತ್ತಿದ್ದ ಸಾಮಾನು ಆಗಿದ್ದರಿಂದಲೇ ಆ ಪದ ನಾಟಿತು. ಆಮೇಲೆ ಕಚೇರಿ ಎಂಬುದು ಬಂತು, ವೇದಿಕೆ ಬಂತು, ಹಾಡುವವರ ಕೈ ತಾಳ ಹಾಕುವುದಕ್ಕೆ, ರಾಗದ ಗೆರೆ ಬರೆಯುವುದಕ್ಕೆ ಬೇಕಾಯಿತು. ತಂಬೂರಿ ಹಿಂದಕ್ಕೆ ಸರಿಯಿತು. ಬೆಟ್ಟದ ಮೇಲೆ ಆ ಬದಲಾವಣೆ ಆಗಲಿಲ್ಲ, ಅಷ್ಟೆ.

ಗಾಜನೂರಿನ ಮುತ್ತುರಾಜು ರಾಜ್‌ಕುಮಾರ್ ಆಗಿ, 1964ರ ‘ನವಕೋಟಿ ನಾರಾಯಣ’ದಲ್ಲಿ ಪುರಂದರದಾಸರ ಪಾತ್ರ ಮಾಡಿದರು. ಬೆಂಗಳೂರಿನವರು ಅದರಲ್ಲಿ ದಾಸರನ್ನು ನೋಡಿದರು. ನಮ್ಮ ಕಡೆಯವರಿಗೆ ತಂಬೂರಿ ಹಿಡಿದು ಬೀದಿಯಲ್ಲಿ ಬರುವ ಮನುಷ್ಯ ಸಿನಿಮಾದ ಹೊರಗೂ ಗೊತ್ತಿದ್ದವನು, ಸುಗ್ಗಿ ಮುಗಿದ ಮೇಲೆ ಜೋಳಿಗೆ ಹಾಕಿಕೊಂಡು ಮನೆ ಬಾಗಿಲಿಗೆ ಬಂದು ರಾಗಿ ಹಾಕಿಸಿಕೊಂಡು ಹೋಗುವವನು.

ಈಗೀಗ ಬರುವವರು ಕಡಿಮೆ. ಹುಡುಗರು ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೋಗುತ್ತಾರೆ, ಬೆಂಗಳೂರಿಗೆ ಹೋಗುತ್ತಾರೆ. ತಂಬೂರಿ ಕಲಿಯುವುದಕ್ಕೆ ಹೆಚ್ಚು ದಿನ ಬೇಡ. ಅದರ ಜೊತೆ ರಾತ್ರಿಗಟ್ಟಲೆ ನೆನಪಿನಿಂದ ಹಾಡುವುದು ಕಲಿಯಬೇಕು, ಅದಕ್ಕೆ ಒಬ್ಬ ಅಯ್ಯನ ಹಿಂದೆ ಸೊಲ್ಲು ಹಾಕುತ್ತಾ ವರ್ಷಗಟ್ಟಲೆ ತಿರುಗಬೇಕು. ಸಭೆಯ ಕಡೆಯೂ ಸ್ಥಿತಿ ಬೇರೆ ಅಲ್ಲ. 1970ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಯಾರಾಯಿತು, ಈಗ ಮೊಬೈಲಿನಲ್ಲಿ ಆ್ಯಪ್. ಒಂಟಿಯಾಗಿ ಸಾಧಕ ಮಾಡುವ ಮಕ್ಕಳಿಗೆ ಅದರಿಂದ ಉಪಕಾರವಾಗಿದೆ, ಅದನ್ನು ಹೀಯಾಳಿಸುವುದು ಸರಿಯಲ್ಲ. ಆದರೆ ಆ್ಯಪ್ ಹಾಕಿಕೊಂಡು ಕಲಿತ ಹುಡುಗಿಗೆ ತಂತಿ ಜಾರಿದಾಗ ಸರಿ ಮಾಡುವ ಕಿವಿ ಬರುವುದಿಲ್ಲ, ಏಕೆಂದರೆ ಅದು ಜಾರುವುದೇ ಇಲ್ಲ. ಅಯ್ಯನವರ ಅರ್ಧ ವಿದ್ಯೆ ಆ ಬಿರಡೆಯಲ್ಲಿತ್ತು.

ಪುಷ್ಯದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಐದು ದಿನದ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲ ಎಂಬ ಜ್ಯೋತಿ ಹೊತ್ತಿಸುತ್ತಾರೆ, ಆಮೇಲೆ ಪಂಕ್ತಿಸೇವೆಯ ದಿನ ಜಾತಿ ಕೇಳದೆ ಒಟ್ಟಿಗೆ ಕೂತು ಉಣ್ಣುತ್ತಾರೆ. 1956ರ ತನಕ ತಾಳವಾಡಿಗೂ ಚಿಕ್ಕಲ್ಲೂರಿಗೂ ಒಂದೇ ಜಿಲ್ಲೆ. ಈಗ ನಡುವೆ ರಾಜ್ಯದ ಗಡಿ, ಚೆಕ್‌ಪೋಸ್ಟು. ಜಾತ್ರೆಗೆ ಹೋಗುವವರಿಗೆ ಅದು ಬಸ್ಸು ಸ್ವಲ್ಪ ಹೊತ್ತು ನಿಲ್ಲುವ ಜಾಗ. ಹೋದ ಜಾತ್ರೆಗೆ ನಾನೂ ಅದೇ ಬಸ್ಸಿನಲ್ಲಿದ್ದೆ. ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್ ತರುಣ, ಕೆಟ್ಟವನೇನಲ್ಲ. ಗವುಸು ಹಾಕಿದ ತಂಬೂರಿಯನ್ನು ಸೀಟಿನ ಮೇಲೆ ಕೂರಿಸಿ, ತಾನು ಪಕ್ಕದಲ್ಲಿ ನಿಂತಿದ್ದ ಅಯ್ಯನವರಿಗೆ, ಅದನ್ನು ಮೇಲಿಟ್ಟು ನೀವು ಕೂತುಕೊಳ್ಳಿ ಯಜಮಾನರೇ ಅಂದ.

“ಮ್ಯಾಲ ಮಡಗುಕ್ಕಾದ್ದಾ ಕಂದ? ದೊಡ್ಡವರು ಕುಂತವರ.”

ಹಾಗಾದರೆ ಅದಕ್ಕೂ ಟಿಕೆಟ್ ತೆಗೆದುಕೊಳ್ಳಬೇಕಾಗುತ್ತದೆ ಎಂದು ಅವನು ನಗುತ್ತಾ ಅಂದ. ಅಯ್ಯನವರು ನಗಲಿಲ್ಲ. ಸೊಂಟದ ಚೀಲ ಬಿಚ್ಚಿ, ಎರಡು ಟಿಕೆಟ್ಟಿನ ದುಡ್ಡು ಎಣಿಸಿ ಕೊಟ್ಟರು.